ಪಾಲಿಸಿಯ ಮೇಲಿನ ಅಂಕಿ ಮತ್ತು ನಮ್ಮ ಹಕ್ಕು

(ರಾಷ್ಟ್ರೀಯ ಗ್ರಾಹಕರ ದಿನಾಚರಣೆಯ ಅಂಗವಾಗಿ ಸಂಸ್ಥೆಯ ಸದಸ್ಯರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸ)

 

ಭಾಷೆ ಕಲಿಸುವ ಶಿಕ್ಷಕನೊಬ್ಬ ವಾಹನ ವಿಮೆಯ ಬಗ್ಗೆ ಏಕೆ ಮಾತನಾಡಬೇಕು ಎಂದು ತಮಗೆ ಅನಿಸಬಹುದು. ಆದರೆ ವಿಮೆಯ ವ್ಯಾಜ್ಯ ಎಂಬುದು ಬಹುಪಾಲು ಓದುವ ಮತ್ತು ಬರೆಯುವ ವಿಷಯವೇ ಆಗಿದೆ. ಹಕ್ಕು, ಕರಾರು, ರಸೀದಿ, ವಕೀಲ, ದಾವೆ, ಜಾಮೀನು ಈ ಎಲ್ಲ ಶಬ್ದಗಳು ಅರಬಿ, ಫಾರಸಿಗಳಿಂದ ಉರ್ದುವಿಗೂ ಕನ್ನಡಕ್ಕೂ ಬಂದು ನಮ್ಮವೇ ಆಗಿವೆ. ಶಬ್ದಗಳು ನಮ್ಮ ಮನೆಯಲ್ಲಿವೆ, ಆದರೆ ಅವುಗಳನ್ನು ಬಳಸುವ ಧೈರ್ಯ ನಮ್ಮಲ್ಲಿ ಅನೇಕರಿಗೆ ಇನ್ನೂ ಬಂದಿಲ್ಲ. ಇಂದಿನ ನನ್ನ ಮಾತು ಆ ಧೈರ್ಯದ ಕುರಿತು.

ನಮ್ಮ ಅವಳಿ ನಗರದವರಿಗೆ ರಸ್ತೆ ಅಪಘಾತ ಎಂದರೇನು ಎಂದು ವಿವರಿಸಬೇಕಾಗಿಲ್ಲ. ಗಬ್ಬೂರಿನಿಂದ ನರೇಂದ್ರದವರೆಗಿನ ಸುಮಾರು 30 ಕಿಲೋಮೀಟರಿನ ಬೈಪಾಸ್ ವರ್ಷಾನುಗಟ್ಟಲೆ ಎರಡೇ ಪಥದ ರಸ್ತೆಯಾಗಿ ಎಷ್ಟು ಮನೆಗಳ ದೀಪ ಆರಿಸಿತು ಎಂಬುದು ತಮಗೆ ಗೊತ್ತಿದೆ. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿ ದಾವಣಗೆರೆಯ ಮಹಿಳೆಯರಿದ್ದ ವಾಹನಕ್ಕೆ ಒದಗಿದ ದುರಂತವನ್ನು ನಾವು ಮರೆತಿಲ್ಲ. ಹೋದ ಜೀವಕ್ಕೆ ಯಾವ ಪರಿಹಾರವೂ ಸಮನಲ್ಲ. ಸಾವು ನೋವುಗಳ ಪರಿಹಾರದ ದಾವೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ನಡೆಯುತ್ತದೆ, ಅದು ಬೇರೆಯೇ ವಿಷಯ. ಅಲ್ಲಾಹನ ಕೃಪೆಯಿಂದ ಜೀವ ಉಳಿದು, ಗಾಡಿ ಮಾತ್ರ ಪೂರ್ತಿ ನುಜ್ಜುಗುಜ್ಜಾದಾಗ ಏನು ಮಾಡಬೇಕು ಎಂಬುದಷ್ಟೇ ಇಂದಿನ ವಿಷಯ. ಕಾರು ಈಗ ಶ್ರೀಮಂತರ ವಸ್ತುವಾಗಿ ಉಳಿದಿಲ್ಲ. ಬ್ಯಾಂಕಿನ ಸಾಲ ತೆಗೆದು, ಹೆಂಡತಿಯ ಬಂಗಾರ ಅಡವಿಟ್ಟು ಕೊಂಡ ಗಾಡಿಯ ಮೇಲೆಯೇ ಎಷ್ಟೋ ಕುಟುಂಬಗಳ ಅನ್ನ ನಿಂತಿದೆ.

ಮೊದಲು ಒಂದು ವ್ಯತ್ಯಾಸ ತಿಳಿಯೋಣ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಕಡ್ಡಾಯವಾಗಿರುವುದು ಥರ್ಡ್ ಪಾರ್ಟಿ ವಿಮೆ ಮಾತ್ರ. ಅದು ನಮ್ಮ ಗಾಡಿಯಿಂದ ಇತರರಿಗೆ ಆದ ಹಾನಿಗೆ ಸಂಬಂಧಿಸಿದ್ದು. ನಮ್ಮ ಗಾಡಿಯ ಹಾನಿಗೂ ಹಣ ಸಿಗಬೇಕಾದರೆ ಸ್ವಂತ ಹಾನಿಯ ವಿಮೆ ಇರಬೇಕು, ಅಂದರೆ ಎಲ್ಲರೂ ಹೇಳುವ ಫುಲ್ ಇನ್ಶುರೆನ್ಸ್. ಅದು ಇದ್ದವರ ಪಾಲಿಸಿಯ ಮೊದಲ ಪುಟದಲ್ಲಿಯೇ ಐ.ಡಿ.ವಿ. ಎಂದು ಒಂದು ಅಂಕಿ ಅಚ್ಚಾಗಿರುತ್ತದೆ. ವಿಮೆ ಮಾಡಿಸುವ ದಿನ ಉಭಯ ಪಕ್ಷದವರೂ ಒಪ್ಪಿಕೊಂಡ ಗಾಡಿಯ ಮೌಲ್ಯವೇ ಅದು. ಇಂದು ನಾನು ಹೇಳಬೇಕಾದ ಮುಖ್ಯ ಮಾತೆಲ್ಲ ಈ ಒಂದು ಅಂಕಿಯಲ್ಲಿದೆ.

ಈ ಅಂಕಿ ಬರುವುದು ಹೇಗೆ? ಆ ಮಾದರಿಯ ಹೊಸ ಗಾಡಿಯ ಬೆಲೆಯಿಂದ ಸವಕಳಿ ಕಳೆಯುತ್ತಾರೆ. ಗಾಡಿ ಆರು ತಿಂಗಳೊಳಗಿನದಾದರೆ ಶೇ. 5, ಒಂದು ವರ್ಷದೊಳಗೆ ಶೇ. 15, ಎರಡು ವರ್ಷದೊಳಗೆ ಶೇ. 20, ಮೂರು ವರ್ಷದೊಳಗೆ ಶೇ. 30, ನಾಲ್ಕು ವರ್ಷದೊಳಗೆ ಶೇ. 40, ಐದು ವರ್ಷದೊಳಗೆ ಶೇ. 50. ಐದು ವರ್ಷ ದಾಟಿದ ಗಾಡಿಗೆ ಕಂಪನಿ ಮತ್ತು ಮಾಲೀಕರು ಮಾತನಾಡಿಕೊಂಡು ಮೌಲ್ಯ ನಿಗದಿ ಮಾಡುತ್ತಾರೆ. ಅಂದರೆ ಗಾಡಿ ಹಳೆಯದಾಗಿದೆ ಎಂಬ ಲೆಕ್ಕವನ್ನು ಪಾಲಿಸಿ ಕೊಡುವ ದಿನವೇ ಹಿಡಿದಾಗಿದೆ. ಅಪಘಾತದ ನಂತರ ಅದೇ ಲೆಕ್ಕವನ್ನು ಎರಡನೇ ಸಲ ಹಿಡಿಯಲು ಬರುವುದಿಲ್ಲ. ಪೂರ್ಣ ನಷ್ಟವಾದಾಗ ಈ ಮೌಲ್ಯವನ್ನೇ ಪಾಲಿಸಿಯ ಅವಧಿಯುದ್ದಕ್ಕೂ ಮಾರುಕಟ್ಟೆ ಬೆಲೆ ಎಂದು ತಿಳಿಯಬೇಕು, ಮತ್ತೆ ಸವಕಳಿ ಕಳೆಯಬಾರದು ಎಂದು ಪಾಲಿಸಿಯ ಷರತ್ತಿನಲ್ಲಿಯೇ ಬರೆದಿರುತ್ತದೆ.

ಪೂರ್ಣ ನಷ್ಟ, ಅಂದರೆ ಟೋಟಲ್ ಲಾಸ್, ಯಾವಾಗ? ಗಾಡಿಯನ್ನು ಎಳೆದು ತಂದು ರಿಪೇರಿ ಮಾಡಿಸುವ ಒಟ್ಟು ಖರ್ಚು ಐ.ಡಿ.ವಿ.ಯ ಶೇ. 75ನ್ನು ಮೀರಿದಾಗ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರು ನೀರಿನಲ್ಲಿ ಮುಳುಗಿದಾಗ ಸುಮಾರು 11 ಲಕ್ಷ ರೂಪಾಯಿಯ ಕಾರೊಂದಕ್ಕೆ ಗ್ಯಾರೇಜಿನವರು 22 ಲಕ್ಷದ ರಿಪೇರಿ ಅಂದಾಜು ಕೊಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಇಂಥ ಗಾಡಿಯನ್ನು ರಿಪೇರಿ ಮಾಡಿಸುವುದರಲ್ಲಿ ಅರ್ಥವಿಲ್ಲ. ಅದಕ್ಕಾಗಿಯೇ ಈ ನಿಯಮ ಇದೆ.

ಒಂದು ಲೆಕ್ಕ ಮಾಡಿ ನೋಡೋಣ. ವಿದ್ಯಾರ್ಥಿಗಳು ಬರೆದುಕೊಳ್ಳಿರಿ. ಹೊಸ ಗಾಡಿಯ ಬೆಲೆ 6,00,000 ರೂಪಾಯಿ. ಪಾಲಿಸಿ ಮಾಡಿಸುವಾಗ ಗಾಡಿಗೆ ಎರಡು ವರ್ಷ ದಾಟಿದೆ, ಮೂರು ತುಂಬಿಲ್ಲ. ಶೇ. 30 ಕಳೆದರೆ ಐ.ಡಿ.ವಿ. 4,20,000. ಇದರ ಶೇ. 75 ಎಂದರೆ 3,15,000. ಗ್ಯಾರೇಜಿನ ಅಂದಾಜು 3,50,000 ಬಂದರೆ ಅದು ಪೂರ್ಣ ನಷ್ಟ. ಮುರಿದ ಗಾಡಿಯನ್ನು ಕಂಪನಿ ತೆಗೆದುಕೊಂಡರೆ ಮಾಲೀಕನಿಗೆ ಪಾಲಿಸಿಯಲ್ಲಿರುವ ಕಡ್ಡಾಯ ಕಡಿತ, ಉದಾಹರಣೆಗೆ 1,000 ರೂಪಾಯಿ, ಕಳೆದು 4,19,000 ಬರಬೇಕು. ಮುರಿದ ಗಾಡಿಯನ್ನು ಮಾಲೀಕನೇ ಇಟ್ಟುಕೊಂಡು, ಅದರ ಬೆಲೆ 1,10,000 ಎಂದಾದರೆ 3,09,000 ಬರಬೇಕು. ಈಗ ಕಂಪನಿಯವರು, “ನಿಮ್ಮ ಗಾಡಿಗೆ ಪೇಟೆಯಲ್ಲಿ ಇಂದು 3,20,000 ಮಾತ್ರ ಇದೆ” ಎಂದು ಹೇಳಿ 2,09,000ಕ್ಕೆ ಸಹಿ ಕೇಳಿದರೆ ಒಂದೇ ವಾಕ್ಯದಲ್ಲಿ ಒಂದು ಲಕ್ಷ ರೂಪಾಯಿ ಹೋಯಿತು! ಪ್ರೀಮಿಯಂ ತೆಗೆದುಕೊಂಡದ್ದು 4,20,000ದ ಲೆಕ್ಕದಲ್ಲಿ, ಕೊಡುವುದು ಮಾತ್ರ 3,20,000ದ ಲೆಕ್ಕದಲ್ಲಿ. ಇದು ನ್ಯಾಯವೇ?

ಅಲ್ಲ ಎಂದು ಸುಪ್ರೀಂ ಕೋರ್ಟು 2008ರಲ್ಲಿಯೇ ಹೇಳಿದೆ. ಧರ್ಮೇಂದ್ರ ಗೋಯಲ್ ಮತ್ತು ಓರಿಯಂಟಲ್ ಇನ್ಶುರೆನ್ಸ್ ಕಂಪನಿಯ ನಡುವಿನ ಪ್ರಕರಣದಲ್ಲಿ, ಗಾಡಿಯ ಮೌಲ್ಯವನ್ನು ತಾನೇ ಒಪ್ಪಿ ಪ್ರೀಮಿಯಂ ಪಡೆದ ಕಂಪನಿ ಹಣ ಕೊಡುವ ಹೊತ್ತಿಗೆ ಅದೇ ಅಂಕಿಯನ್ನು ಒಂದಲ್ಲ ಒಂದು ನೆಪ ಹೇಳಿ ಅಲ್ಲಗಳೆಯುವಂತಿಲ್ಲ ಎಂಬುದು ತೀರ್ಪಿನ ಸಾರಾಂಶ. ಇನ್ನು ಕಂಪನಿಯ ಪರವಾಗಿ ಸರ್ವೇಯರ್ ಬರೆದ ವರದಿಯೇ ಅಂತಿಮ ಎಂದು ಹಲವರು ತಿಳಿದಿದ್ದಾರೆ. 2009ರಲ್ಲಿ ನ್ಯೂ ಇಂಡಿಯಾ ಅಶ್ಯೂರೆನ್ಸ್ ಮತ್ತು ಪ್ರದೀಪ್ ಕುಮಾರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಸರ್ವೇಯರ್ ವರದಿ ಮುಖ್ಯವಾದುದೇ ಹೊರತು ಅದೇ ಕೊನೆಯ ಮಾತಲ್ಲ ಎಂದು ಸ್ಪಷ್ಟಪಡಿಸಿದೆ. ಆದ್ದರಿಂದ ವರದಿಯ ಪ್ರತಿಯನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಓದದೆ ಒಪ್ಪಬೇಡಿರಿ.

ಹಣ ಸೋರುವ ಇನ್ನೊಂದು ಜಾಗ ಮುರಿದ ಗಾಡಿಯ ಬೆಲೆ. ಇದನ್ನು ಸಾಲ್ವೇಜ್ ಎನ್ನುತ್ತಾರೆ. ಈ ಬೆಲೆ ಹೆಚ್ಚು ಹಿಡಿದಷ್ಟೂ ನಮ್ಮ ಕೈಗೆ ಬರುವ ಹಣ ಕಡಿಮೆ. ನಮ್ಮ ಬಂಧುಗಳಾದ ಹಿರಿಯರೊಬ್ಬರ ಗಾಡಿ ಪೂರ್ಣ ನಷ್ಟವಾದಾಗ ಅವರ ವಿಮಾ ಕಂಪನಿ ಇಂಥದೇ ದೊಡ್ಡ ಅಂಕಿಯನ್ನು ಕಳೆದು ಉಳಿದುದಕ್ಕೆ ಸಹಿ ಕೇಳಿತು. ಗುಜರಿಯವರನ್ನು ವಿಚಾರಿಸಿದರೆ ಅದರ ಅರ್ಧ ಕೊಡಲೂ ಯಾರೂ ತಯಾರಿಲ್ಲ. ಚಾಚಾ ಅವರು ಕೌಂಟರಿನಲ್ಲಿ ಜಗಳವಾಡಲಿಲ್ಲ. ಎರಡೇ ಸಾಲಿನ ಪತ್ರ ಬರೆಸಿದರು: “ತಾವು ಹಿಡಿದ ಬೆಲೆಗೆ ಗಾಡಿಯನ್ನು ತಾವೇ ತೆಗೆದುಕೊಳ್ಳಿರಿ, ಇಲ್ಲವೇ ಆ ಬೆಲೆಗೆ ಕೊಳ್ಳುವವರನ್ನು ಲಿಖಿತವಾಗಿ ತೋರಿಸಿರಿ.” ಪತ್ರ ಮುಟ್ಟಿದ್ದಕ್ಕೆ ಮೊಹರು ಹಾಕಿಸಿಕೊಂಡರು. ಕೆಲವು ವಾರಗಳ ನಂತರ ಕಂಪನಿಯೇ ಗಾಡಿಯನ್ನು ಎತ್ತಿಕೊಂಡು ಹೋಗಿ ಪೂರ್ತಿ ಹಣ ಕೊಟ್ಟಿತು. ಗಂಟೆಗಟ್ಟಲೆ ವಾದ ಮಾಡಿದರೂ ಆಗದ ಕೆಲಸ ಎರಡು ಸಾಲಿನ ಕಾಗದದಿಂದ ಆಯಿತು.

ಇಲ್ಲಿ ಒಂದು ಎಚ್ಚರಿಕೆ. ಗಾಡಿಯನ್ನು ಗುಜರಿಗೆ ಕೊಡುವ ಮೊದಲು ಆರ್.ಸಿ.ಯ ವಿಚಾರ ಮುಗಿಸಬೇಕು. ಮತ್ತೆ ಓಡಿಸಲು ಬಾರದಂತೆ ಗಾಡಿ ನಾಶವಾದಾಗ 14 ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಿ ಆರ್.ಸಿ. ಒಪ್ಪಿಸಬೇಕೆಂದು ಮೋಟಾರು ವಾಹನ ಕಾಯಿದೆಯ 55ನೇ ಕಲಂ ಹೇಳುತ್ತದೆ. ಕೆಎ-25 ಗಾಡಿಯಾದರೆ ಧಾರವಾಡ ಕಚೇರಿ, ಕೆಎ-63 ಆದರೆ ಹುಬ್ಬಳ್ಳಿ ಕಚೇರಿ. ಹಾಗೆ ಮಾಡದಿದ್ದರೆ ನಮ್ಮ ಹೆಸರಿನ ನಂಬರು ಬೇರೆ ಯಾವುದೋ ಗಾಡಿಯ ಮೇಲೆ ಓಡಾಡೀತು.

ನಮ್ಮ ಕಡೆಯ ಕರ್ತವ್ಯಗಳನ್ನೂ ಹೇಳಲೇಬೇಕು. ಹಕ್ಕು ಕೇಳುವವನ ಕೈ ಸ್ವಚ್ಛವಾಗಿರಬೇಕು. ಅಪಘಾತವಾದ ಕೂಡಲೇ ಕಂಪನಿಗೂ ಪೊಲೀಸರಿಗೂ ತಿಳಿಸಬೇಕು. ಗಾಡಿ ನಡೆಸಿದವರ ಹೆಸರನ್ನು ಬದಲಿಸಿ ಹೇಳುವುದು ಸುಳ್ಳೂ ಹೌದು, ಕ್ಲೇಮು ತಿರಸ್ಕೃತವಾಗಲು ದಾರಿಯೂ ಹೌದು. ಮದುವೆಯ ಸುಗ್ಗಿಯಲ್ಲಿ ವೈಟ್ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಓಡಿಸುವ ರೂಢಿ ನಮ್ಮಲ್ಲಿದೆ. ಅದು ಪಾಲಿಸಿಯ ಷರತ್ತಿನ ಉಲ್ಲಂಘನೆ. ಅಂಥ ಪ್ರಕರಣಗಳಲ್ಲಿಯೂ ಪೂರ್ತಿ ತಿರಸ್ಕರಿಸದೆ ಶೇ. 75ರವರೆಗೆ ಕೊಡಬಹುದೆಂದು ಸುಪ್ರೀಂ ಕೋರ್ಟು 2010ರ ಅಮಲೇಂದು ಸಾಹು ಪ್ರಕರಣದಲ್ಲಿ ಹೇಳಿದೆ. ಆದರೂ ಕಾಲು ಭಾಗ ಹೋದಂತೆಯೇ. ಇನ್ನು ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರು ಆರ್.ಸಿ.ಯ ಜೊತೆಗೆ ವಿಮೆಯನ್ನೂ 14 ದಿನಗಳೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಥರ್ಡ್ ಪಾರ್ಟಿ ವಿಮೆ ತಾನಾಗಿಯೇ ಬರುತ್ತದೆ, ಸ್ವಂತ ಹಾನಿಯ ವಿಮೆ ಬರುವುದಿಲ್ಲ. ಹಾಗೆಯೇ ರಿನಿವಲ್ ಮಾಡಿಸುವಾಗ ಕೆಲವು ನೂರು ರೂಪಾಯಿ ಉಳಿಸಲು ಐ.ಡಿ.ವಿ.ಯನ್ನು ತಗ್ಗಿಸಿಕೊಳ್ಳುವುದು ಜಾಣತನವಲ್ಲ. ತಗ್ಗಿಸಿದ ಅಂಕಿಯೇ ಮುಂದೆ ನಮ್ಮ ಪರಿಹಾರದ ಮಿತಿ.

ಈಗ ಸಹಿಯ ವಿಷಯ. ಹಣ ಕೊಡುವ ಮೊದಲು ಕಂಪನಿಯವರು ಒಂದು ವೋಚರಿಗೆ ಸಹಿ ಕೇಳುತ್ತಾರೆ. ಪೂರ್ಣ ಮತ್ತು ಅಂತಿಮ ಪಾವತಿ ಎಂದು ಅದರಲ್ಲಿ ಬರೆದಿರುತ್ತದೆ. ಒತ್ತಾಯದಿಂದ ಅಥವಾ ತಪ್ಪು ತಿಳಿವಳಿಕೆ ಕೊಟ್ಟು ಪಡೆದ ಸಹಿ ನಮ್ಮ ದಾವೆಯನ್ನು ಮುಗಿಸುವುದಿಲ್ಲ ಎಂದು 1999ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ ನಿಜ. ಆದರೆ ಒತ್ತಾಯವಿತ್ತು ಎಂದು ರುಜುವಾತು ಮಾಡುವ ಭಾರ ನಮ್ಮ ಮೇಲೆಯೇ ಬೀಳುತ್ತದೆ. ಆದುದರಿಂದ ಮೊತ್ತಕ್ಕೆ ಒಪ್ಪಿಗೆ ಇಲ್ಲದಿದ್ದರೆ ಸಹಿ ಮಾಡುವ ಮೊದಲೇ ಆಕ್ಷೇಪಣೆಯನ್ನು ಬರೆದು ಕೊಡಬೇಕು.

ಮುಂದಿನ ದಾರಿ ಹೀಗಿದೆ. 2024ರ ಸುತ್ತೋಲೆಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು, ಕ್ಲೇಮು ತಿಳಿಸಿದ 24 ಗಂಟೆಗಳೊಳಗೆ ಸರ್ವೇಯರನ್ನು ಗೊತ್ತು ಮಾಡಬೇಕು, ವರದಿ ಬಂದ 7 ದಿನಗಳೊಳಗೆ ತೀರ್ಮಾನಿಸಬೇಕು ಎಂದು ಕಂಪನಿಗಳಿಗೆ ವಿಧಿಸಿದೆ. ತೀರ್ಮಾನ ಸರಿ ಕಾಣದಿದ್ದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಅಲ್ಲಿ ಆಗದಿದ್ದರೆ ಪ್ರಾಧಿಕಾರದ ‘ಬಿಮಾ ಭರೋಸಾ’ದಲ್ಲಿ ದೂರು ದಾಖಲಿಸಬಹುದು. ದೂರವಾಣಿ 155255.

ಕಂಪನಿ ನಿರಾಕರಿಸಿದರೆ ಅಥವಾ ಒಂದು ತಿಂಗಳು ಉತ್ತರ ಕೊಡದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಅವರಿಗೆ ಒಂದು ವರ್ಷದೊಳಗೆ ಬರೆಯಬಹುದು. 50 ಲಕ್ಷ ರೂಪಾಯಿಯವರೆಗಿನ ಪರಿಹಾರ ಅವರ ವ್ಯಾಪ್ತಿಯಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ. ಅವರ ತೀರ್ಪಿಗೆ ಕಂಪನಿ ಬದ್ಧ. ಆದರೆ ಅದೇ ವಿಷಯ ನ್ಯಾಯಾಲಯದಲ್ಲಿ ಅಥವಾ ಗ್ರಾಹಕರ ಆಯೋಗದಲ್ಲಿ ಇರಬಾರದು.

ಇನ್ನೊಂದು ದಾರಿ ಧಾರವಾಡದಲ್ಲಿಯೇ ಇರುವ ಜಿಲ್ಲಾ ಗ್ರಾಹಕರ ಆಯೋಗ. 2020ರ ಜುಲೈನಿಂದ ಜಾರಿಗೆ ಬಂದ 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯ ಪ್ರಕಾರ ಕಂಪನಿಯ ಕಚೇರಿ ಎಲ್ಲಿಯೇ ಇರಲಿ, ನಾವು ವಾಸಿಸುವ ಊರಿನಲ್ಲಿಯೇ ದೂರು ಕೊಡಬಹುದು. ಎರಡು ವರ್ಷಗಳೊಳಗೆ ಕೊಡಬೇಕು. ಕೊಟ್ಟ ಪ್ರೀಮಿಯಂ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಅಂದರೆ ನಮ್ಮಂಥವರಾರಿಗೂ ಇಲ್ಲ. ಆದೇಶದ ಮೇಲೆ ಕಂಪನಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕಾದರೆ ಅರ್ಧ ಮೊತ್ತವನ್ನು ಮೊದಲೇ ಠೇವಣಿ ಇಡಬೇಕು.

ವಿದ್ಯಾರ್ಥಿ ಮಿತ್ರರೇ, ಈ ಪಾಲಿಸಿಗಳೆಲ್ಲ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತವೆ. ನಿಮ್ಮ ತಂದೆಯವರು ಗಾಡಿಯ ಇಂಜಿನ್ ಬಿಚ್ಚಿ ಜೋಡಿಸಬಲ್ಲರು, ಆದರೆ ಆ ಕಾಗದ ಓದಲಾರರು. ನೀವು ಓದಬಲ್ಲಿರಿ. ಇಂದು ಮನೆಗೆ ಹೋದ ಮೇಲೆ ಗಾಡಿಯ ಪಾಲಿಸಿ ತೆಗೆದು ಐ.ಡಿ.ವಿ. ಎಷ್ಟು, ಪಾಲಿಸಿ ಯಾರ ಹೆಸರಿನಲ್ಲಿದೆ, ಮುಗಿಯುವ ದಿನ ಯಾವುದು ಎಂಬ ಮೂರು ಸಂಗತಿಗಳನ್ನು ನೋಡಿ ಮನೆಯವರಿಗೆ ನಿಮ್ಮ ಮಾತೃಭಾಷೆಯಲ್ಲಿ ಓದಿ ಹೇಳಿರಿ. ಮನೆಯವರು ಹೊಟ್ಟೆ ಬಟ್ಟೆ ಕಟ್ಟಿ ನಿಮ್ಮನ್ನು ಓದಿಸುತ್ತಿದ್ದಾರೆ. ಅವರ ಒಂದು ಲಕ್ಷ ರೂಪಾಯಿ ಓದಲಾರದ ಕಾಗದದಿಂದಾಗಿ ಹೋಗಬಾರದು.

ಇಂಥ ಪತ್ರ ಬರೆಯಲು ಸಹಾಯ ಬೇಕಾದ ಸದಸ್ಯರಿಗೆ ನಮ್ಮ ಶಾಲೆಗಳ ಶಿಕ್ಷಕರು ನೆರವಾಗಬೇಕೆಂದು ಸಹೋದ್ಯೋಗಿಗಳಲ್ಲಿ ವಿನಂತಿಸುತ್ತೇನೆ. ನಾನಂತೂ ಸಿದ್ಧನಿದ್ದೇನೆ.