ಎರಡೂವರೆ ರೂಪಾಯಿಯ ಬಂಡವಾಳ



ಕೊನೆಯ ಪರೀಕ್ಷೆ ಮುಗಿದ ಸಂಜೆ ಕಮಲನಗರದ ರೈಲು ನಿಲ್ದಾಣದಲ್ಲಿ ಗೆಳೆಯರು ಅಗಲುವುದನ್ನು ನೀವು ನೋಡಿರಬಹುದು. ಒಬ್ಬನ ದಾರಿ ಉದಗೀರಕ್ಕೆ, ಒಬ್ಬಳದು ಬೀದರಿಗೆ, ಮತ್ತೊಬ್ಬನದು ಹೈದರಾಬಾದಿಗೆ. "ವರ್ಷಕ್ಕೊಮ್ಮೆಯಾದರೂ ಕೂಡೋಣ" ಎಂದು ಎಲ್ಲರೂ ಮಾತು ಕೊಡುತ್ತಾರೆ. ಹಳೆಯ ವಿದ್ಯಾರ್ಥಿಗಳ ಸಂಘ ಹುಟ್ಟುವುದು ಇಂಥ ಮಾತಿನಿಂದಲೇ. ಆದರೆ ಅದು ಬೆಳೆಯುವುದು ಯಾವುದರಿಂದ?

ನಾವು ಬಿ.ಎಸ್ಸಿ. ಮುಗಿಸಿದಾಗ ನಮ್ಮಲ್ಲೂ ಒಂದು ಸಂಘ ಹುಟ್ಟಿತು. ಅಧ್ಯಕ್ಷ, ಕಾರ್ಯದರ್ಶಿ, ರಬ್ಬರ್ ಮೊಹರು ಎಲ್ಲವೂ ಆದವು. ಮೊದಲ ವರ್ಷ ಊಟ ಮಾಡಿ ಫೋಟೋ ತೆಗೆಸಿಕೊಂಡೆವು. ಎರಡನೆಯ ವರ್ಷ ಅರ್ಧ ಜನ ಬಂದರು. ಮೂರನೆಯ ವರ್ಷ ಕಾರ್ಯದರ್ಶಿಯೇ ಬರಲಿಲ್ಲ. ಆ ಕಾರ್ಯದರ್ಶಿ ನಾನೇ.

ಈಗ ಇನ್ನೊಂದು ಸಂಘದ ಕಥೆ ಕೇಳಿ. 1956ರವರೆಗೆ ನಮ್ಮ ಬೀದರ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ರಾಜ್ಯದ ಉಸ್ಮಾನಿಯಾ ವಿಶ್ವವಿದ್ಯಾನಿಲಯ 1918ರಲ್ಲಿ ಆರಂಭವಾಯಿತು. ಅಲ್ಲಿ ಓದಿ ಹೊರಬಂದ ಪದವೀಧರರು ಒಂದು ಸಂಘ ಕಟ್ಟಿಕೊಂಡರು. ರಾಜ್ಯದ ಜನರ ಆರ್ಥಿಕ ಸ್ಥಿತಿಯ ಸಮೀಕ್ಷೆ ನಡೆಸಬೇಕೆಂಬುದು ಅವರ ಆಸೆ. ಅದಕ್ಕೆ ಹಣವಿರಲಿಲ್ಲ. ಹಣ ಕೂಡಿಸಲು 1938ರಲ್ಲಿ ಹೈದರಾಬಾದಿನ ಸಾರ್ವಜನಿಕ ಉದ್ಯಾನದಲ್ಲಿ ಸ್ಥಳೀಯ ವಸ್ತುಗಳ ಪ್ರದರ್ಶನವೊಂದನ್ನು ಏರ್ಪಡಿಸಿದರು. ಕೈಯಲ್ಲಿದ್ದ ಬಂಡವಾಳ ಎರಡೂವರೆ ರೂಪಾಯಿ! ಪ್ರದರ್ಶನ ನಡೆದದ್ದು ಹತ್ತು ದಿನ.

ಅದೇ ಇಂದಿನ ಪ್ರಸಿದ್ಧ 'ನುಮಾಯಿಷ್'. 1946ರಲ್ಲಿ ಅದು ನಾಂಪಲ್ಲಿಯ ವಿಶಾಲ ಮೈದಾನಕ್ಕೆ ಹೋಯಿತು. ಆಗ ಹೈದರಾಬಾದಿನ ಪ್ರಧಾನಿಯಾಗಿದ್ದವರು ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್. 1947 ಮತ್ತು 1948ರ ಗಲಭೆಯ ದಿನಗಳಲ್ಲಿ ಪ್ರದರ್ಶನ ನಡೆಯಲಿಲ್ಲ. 1949ರಲ್ಲಿ ಮತ್ತೆ ತಲೆಯೆತ್ತಿತು. 2019ರಲ್ಲಿ ಬೆಂಕಿಗೆ ಅನೇಕ ಮಳಿಗೆಗಳು ಆಹುತಿಯಾದವು. ಮರುವರ್ಷವೂ ಪ್ರದರ್ಶನ ನಿಲ್ಲಲಿಲ್ಲ. ಇದನ್ನು ನಡೆಸುವ ಎಕ್ಸಿಬಿಷನ್ ಸೊಸೈಟಿ ತನ್ನ ಆದಾಯದ ಬಲದಿಂದ ಅನೇಕ ವಿದ್ಯಾಸಂಸ್ಥೆಗಳನ್ನು ನಡೆಸುತ್ತಿದೆ. ಸರೋಜಿನಿ ನಾಯ್ಡು ವನಿತಾ ಮಹಾವಿದ್ಯಾಲಯ, ಕಮಲಾ ನೆಹರೂ ಮಹಿಳಾ ಪಾಲಿಟೆಕ್ನಿಕ್ ಇವುಗಳಲ್ಲಿ ಸೇರಿವೆ.

ನಮ್ಮ ಸಂಘಕ್ಕೂ ಆ ಸಂಘಕ್ಕೂ ಇದ್ದ ವ್ಯತ್ಯಾಸವೇನು? ಹಣವಂತೂ ಅಲ್ಲ, ನಮ್ಮ ಊಟದ ಖರ್ಚೇ ಎರಡೂವರೆ ರೂಪಾಯಿಗಿಂತ ಹೆಚ್ಚಾಗಿತ್ತು. ಕಲ್ಲುಸಕ್ಕರೆ ಮಾಡುವುದನ್ನು ನೆನಪಿಸಿಕೊಳ್ಳಿ. ಗಟ್ಟಿ ಪಾಕದಲ್ಲಿ ಒಂದು ದಾರ ಇಳಿಬಿಟ್ಟರೆ ಅದನ್ನು ಹಿಡಿದು ಹರಳುಗಳು ಕಟ್ಟುತ್ತವೆ. ಗೆಳೆತನ ಪಾಕವಿದ್ದಂತೆ. ಹರಳುಗಟ್ಟಲು ಒಂದು ಕೆಲಸದ ದಾರ ಬೇಕು. ನಮ್ಮಲ್ಲಿ ಪಾಕವಿತ್ತು, ದಾರವಿರಲಿಲ್ಲ.

ಕೆಲಸದ ದಾರ ಹಿಡಿದವರು ಕಮಲನಗರಕ್ಕೆ ಹೊಸಬರಲ್ಲ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹುಟ್ಟಿದ್ದು ಇದೇ ಊರಿನಲ್ಲಿ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಅವರ ಸಾಹಸವನ್ನು ಈ ಭಾಗದ ಹಿರಿಯರು ಇಂದಿಗೂ ಹೇಳುತ್ತಾರೆ.

ಆದ್ದರಿಂದ ಮಿತ್ರರೇ, ನೀವು ಸಂಘ ಕಟ್ಟುವುದಾದರೆ ಪದಾಧಿಕಾರಿಗಳನ್ನು ಆಮೇಲೆ ಆರಿಸಿ, ಕೆಲಸವನ್ನು ಮೊದಲು ಆರಿಸಿ. ನಿಮ್ಮ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಮಕ್ಕಳಿಗೆ ಕಾಲೇಜು, ವಸತಿನಿಲಯ, ವಿದ್ಯಾರ್ಥಿವೇತನಗಳ ಅರ್ಜಿ ತುಂಬಲು ನೆರವಾದರೂ ಸಾಕು. ವರ್ಷಕ್ಕೊಂದು ಖಚಿತ ದಿನ ಗೊತ್ತುಮಾಡಿ. ಪೈಸೆ ಪೈಸೆಯ ಲೆಕ್ಕವನ್ನು ಎಲ್ಲರೆದುರು ಓದಿ. ಪ್ರತಿವರ್ಷ ಹೊಸದಾಗಿ ತೇರ್ಗಡೆಯಾದವರಲ್ಲಿ ಇಬ್ಬರಿಗೆ ಜವಾಬ್ದಾರಿ ವಹಿಸಿ. ಒಬ್ಬ ಕಾರ್ಯದರ್ಶಿ ಬಾರದಿದ್ದರೂ ಸಂಘ ನಡೆಯಬೇಕು.

ಆಗ ರೈಲು ನಿಲ್ದಾಣದಲ್ಲಿ ಕೊಟ್ಟ ಮಾತು ಉಳಿಯುತ್ತದೆ. ಊರು ಬಿಟ್ಟು ಹೋದವರಿಗೆ ಮರಳಿ ಬರಲು ಒಂದು ಕಾರಣವೂ ಇರುತ್ತದೆ.