ಹಿತ್ತಲ ಗಿಡ



ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ನಿಮಗೆಲ್ಲ ಗೊತ್ತು. ರಾಗಿಯ ಪಾಡೂ ಬಹುಕಾಲ ಹೀಗೇ ಇತ್ತು. ನೆಂಟರು ಬಂದರೆ ಅನ್ನ, ಮನೆಯವರಿಗೆ ಮುದ್ದೆ. ಒಳ್ಳೆಯ ಗೊಬ್ಬರವೆಲ್ಲ ಬೇರೆ ಬೆಳೆಗೆ, ಮಿಕ್ಕಿದ್ದು ರಾಗಿಗೆ. ಆದರೆ 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ. ಅಷ್ಟೇ ಅಕ್ಕಿಯಲ್ಲಿ ಇದರ ಇಪ್ಪತ್ತನೆಯ ಒಂದು ಪಾಲೂ ಇಲ್ಲ. 2018ರಲ್ಲಿ ಕೇಂದ್ರ ಸರ್ಕಾರ ರಾಗಿ, ಜೋಳ, ಸಜ್ಜೆಗಳನ್ನು ಪೌಷ್ಟಿಕ ಧಾನ್ಯವೆಂದು ಸಾರಿತು.

ಧಾನ್ಯಕ್ಕೇನೋ ಮರ್ಯಾದೆ ಬಂತು. ಅದಕ್ಕಾಗಿ ದುಡಿದವರಿಗೆ?

ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯ ಎಂಬ ವಿಜ್ಞಾನಿ ಇದ್ದರು. ರಾಗಿಯ ತಳಿ ಬೆರೆಸುವುದು ಸುಲಭವಲ್ಲ. ಹೂವು ಬಲು ಚಿಕ್ಕದು. ಅರಳುವುದು ಬೆಳಗಾಗುವ ಮುಂಚೆ, ಕತ್ತಲಲ್ಲಿ. ಅರಳುತ್ತಿದ್ದಂತೆಯೇ ತನ್ನ ಪರಾಗವನ್ನು ತಾನೇ ಕೂಡಿಸಿಕೊಂಡುಬಿಡುತ್ತದೆ. ಇಂಥ ಹೂವಿನ ಮುಂದೆ ಅವರು ವರ್ಷಗಟ್ಟಲೆ ಕೂತರು. ನಮ್ಮ ನಾಡಿನ ರಾಗಿಗೂ ದಪ್ಪ ತೆನೆಯ ಆಫ್ರಿಕಾ ರಾಗಿಗೂ ನಂಟು ಬೆಳೆಸಿದರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ ಇಂಡಾಫ್ ಆಯಿತು. ಕಣದಲ್ಲಿ ರಾಶಿ ಏರಿತು.

ಇಂಡಾಫ್ ಹೆಸರು ಊರೂರಿಗೆ ಮುಟ್ಟಿತು. ಮಾಡಿದವರ ಹೆಸರು ಕೇಳಿ ನೋಡಿ, ಉಂಡವರಲ್ಲಿ ಎಷ್ಟು ಜನ ಹೇಳಬಲ್ಲರು?

ಹೇಳದಿದ್ದರೆ ಏನು ನಷ್ಟ ಅಂತೀರಾ? ನಷ್ಟ ಅವರಿಗಲ್ಲ, ನಮಗೆ. ಒಂದು ತಳಿ ಹದಕ್ಕೆ ಬರಲು ಹಲವು ವರ್ಷ ಬೇಕು. ಆ ದುಡಿಮೆಯನ್ನು ಯಾರೂ ಲೆಕ್ಕಕ್ಕಿಡದಿದ್ದರೆ ಮುಂದೆ ಯಾವ ಹುಡುಗ, ಯಾವ ಹುಡುಗಿ ಅದಕ್ಕೆ ಕೈ ಹಾಕಿಯಾರು?

ಮನೆಯಲ್ಲೂ ಇದೇ ಮಾತು. ಬಿತ್ತನೆಗೆ ತೆನೆ ಆರಿಸುವವಳು ಅಜ್ಜಿ. ಆಕೆಯ ಕಣ್ಣು ತಪ್ಪಿಸಿ ಬೆರಕೆ ತೆನೆ ಹೋಗದು. "ಅದೇನು ಮಹಾ ಕೆಲಸ" ಅಂತ ಮನೆಯವರೆಲ್ಲ ಅಂದರೆ ಸೊಸೆ ಕಲಿಯುವುದಿಲ್ಲ. ಆ ವಿದ್ಯೆ ಅಜ್ಜಿಯ ಜೊತೆಗೇ ಹೋಗುತ್ತದೆ.

ಆದ್ದರಿಂದ ಈ ಸಲ ಕೊಯ್ಲಿಗೆ ಮುಂಚೆ ಅಜ್ಜಿಯನ್ನು ಹೊಲಕ್ಕೆ ಕರೆದುಕೊಂಡು ಹೋಗಿ. ಮೊಮ್ಮಕ್ಕಳೂ ಜೊತೆಗಿರಲಿ. ರೋಗ ತಗುಲದ, ಒಂದೇ ಸಮ ಬಲಿತ ತೆನೆ ಆರಿಸಿ, ಚೆನ್ನಾಗಿ ಒಣಗಿಸಿ, ಬೇರೆಯಾಗಿ ಇಡಿ. ಬರುವ ಮುಂಗಾರಿಗೆ ರಾಗಿ ಹೊಲಕ್ಕೂ ಕೊಟ್ಟಿಗೆ ಗೊಬ್ಬರದ ಪಾಲು ಕೊಡಿ. ರಾತ್ರಿ ಮುದ್ದೆ ಮುರಿಯುವಾಗ ಲಕ್ಷ್ಮಣಯ್ಯನವರ ಹೆಸರನ್ನು ಮಕ್ಕಳಿಗೆ ಒಮ್ಮೆ ಹೇಳಿ.

ಉಂಡ ಮನೆಯನ್ನು ಮರೆಯದವರು ನಾವು. ಬೆಳೆಸಿದ ಕೈಯನ್ನೂ ಮರೆಯುವುದು ಬೇಡ.