ಮುಖದ ಹಿಂದಿನ ಊರು



1940ರಿಂದ 1970ರವರೆಗಿನ ಅವಧಿಯಲ್ಲಿ ಶಿವಮೊಗ್ಗ ಮತ್ತು ಭದ್ರಾವತಿ ಎಂಬ ನಮ್ಮ ಈ ಎರಡು ಊರುಗಳ ಸ್ಟುಡಿಯೋದವರು ತೆಗೆದ ಕಪ್ಪು-ಬಿಳುಪು ಫೋಟೊಗಳ ಬಗ್ಗೆ ಇವತ್ತು ಮಾತಾಡುತ್ತೇನೆ. ಊರಿನ ಚರಿತ್ರೆ ಬರೆದವರು ಶಾಸನ ಓದಿದರು, ಗೆಜೆಟಿಯರ್ ತಿರುವಿದರು, ಕಚೇರಿಯ ಕಡತ ಬಿಚ್ಚಿದರು. ಸ್ಟುಡಿಯೋದ ಮೆಟ್ಟಿಲು ಹತ್ತಿದವರು ಕಡಿಮೆ.

ಮೈಸೂರಿನ ಟಿ.ಎಸ್. ಸತ್ಯನ್ ಪತ್ರಿಕೆಗಳಿಗಾಗಿ ದೇಶವೆಲ್ಲ ಸುತ್ತಿ, ಸಾಮಾನ್ಯರ ಬದುಕನ್ನು ಹುಡುಕಿಕೊಂಡು ಹೋಗಿ ಕ್ಯಾಮೆರಾದಲ್ಲಿ ಹಿಡಿದವರು. ಊರಿನ ಸ್ಟುಡಿಯೋದವರಿಗೆ ಅಂಥ ಸಂಕಲ್ಪವೇನೂ ಇರಲಿಲ್ಲ. ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೊ, ಸಾಹೇಬರ ಬೀಳ್ಕೊಡುಗೆ, ಕೆಲವೊಮ್ಮೆ ಸಾವಿನ ಮನೆ. ಯಾರು ಕರೆದರೆ ಅಲ್ಲಿಗೆ ಕ್ಯಾಮೆರಾ ಹೊತ್ತು ಹೋಗುತ್ತಿದ್ದರು. ಗಿರಾಕಿ ದುಡ್ಡು ಕೊಟ್ಟದ್ದು ಮುಖಕ್ಕೆ. ಊರು ತಾನಾಗಿಯೇ ಬಂದು ಮುಖದ ಹಿಂದೆ ನಿಂತುಕೊಂಡಿತು. ಯಾರೂ ಸಿಂಗರಿಸದೆ ಬಿಟ್ಟ ಆ ಜಾಗವನ್ನೇ ನಾನು ಹೆಚ್ಚು ನಂಬುತ್ತೇನೆ.

ಭದ್ರಾವತಿಯನ್ನೇ ನೋಡಿ. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಊರಿನಲ್ಲಿ 1923ರಲ್ಲಿ ಕಬ್ಬಿಣ ಕರಗತೊಡಗಿತು. ಆ ಕುಲುಮೆಗೆ ಗಣಿಯ ಕಲ್ಲಿದ್ದಲಿರಲಿಲ್ಲ. ಮಲೆನಾಡಿನ ಕಾಡನ್ನು ಸುಟ್ಟು ಮಾಡಿದ ಇದ್ದಿಲೇ ಉರುವಲು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಇಳಿದು ಬರುತ್ತಿತ್ತು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ (ಎಂಪಿಎಂ) ಬಂತು. ಇಂಥ ಊರಿನ ಬೀಳ್ಕೊಡುಗೆಯ ಗ್ರೂಪ್ ಫೋಟೊ ಸಿಕ್ಕರೆ ನಡುವೆ ಹಾರ ಹಾಕಿಕೊಂಡು ಕೂತವರನ್ನು ಮೊದಲು ನೋಡಬೇಡಿ. ಬೆನ್ನ ಹಿಂದಿನ ಶೆಡ್ಡು, ಚಿಮಣಿ, ಸೌದೆಯ ರಾಶಿಯತ್ತ ಕಣ್ಣು ಹಾಯಿಸಿ. ಆಮೇಲೆ ಕುರ್ಚಿಯ ಸಾಲು ನೋಡಿ, ನಿಂತವರ ಸಾಲು ನೋಡಿ, ನೆಲದ ಮೇಲೆ ಕೂತವರನ್ನೂ ನೋಡಿ. ಕೋಟು-ಪೇಟ ಯಾರಿಗೆ, ಬರಿಗಾಲು ಯಾರಿಗೆ? ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವ ಜನ ಒಂದೇ ಸೈರನ್ನಿಗೆ ಎದ್ದು ಕೆಲಸಕ್ಕೆ ಹೋದ ಊರು ಇದು. ಎಷ್ಟು ಟನ್ ಕಬ್ಬಿಣ ತಯಾರಾಯಿತೆಂದು ಕಾರ್ಖಾನೆಯ ಲೆಕ್ಕಪತ್ರ ಹೇಳುತ್ತದೆ. ಯಾರು ಯಾರ ಹೆಗಲಿಗೆ ಹೆಗಲು ತಾಗಿಸಿ ನಿಂತರೆಂದು ಫೋಟೊವೇ ಹೇಳಬೇಕು. ಎಂಪಿಎಂನಲ್ಲಿ ಕಾಗದ ತಯಾರಿ ನಿಂತು ವರ್ಷಗಳೇ ಕಳೆದಿರುವಾಗ ಈ ಸಾಕ್ಷಿಯ ತೂಕ ಇನ್ನೂ ಹೆಚ್ಚಿದೆ.

ಶಿವಮೊಗ್ಗದ ಮಾತು ಬೇರೆ. ಇಲ್ಲಿ ಚಿಮಣಿಯ ಜಾಗದಲ್ಲಿ ತುಂಗೆಯ ಸೇತುವೆ, ಕೋಟೆ ಮಾರಿಕಾಂಬೆಯ ಜಾತ್ರೆ, 1930ರಲ್ಲಿ ಹುಟ್ಟಿದ ಕರ್ನಾಟಕ ಸಂಘ, 1940ರಲ್ಲಿ ಶುರುವಾದ ಸಹ್ಯಾದ್ರಿ ಕಾಲೇಜು. ಅದೇ ಹೊತ್ತಿಗೆ ತಾಳಗುಪ್ಪದವರೆಗೆ ರೈಲೂ ಓಡಿತು. ಅಡಿಕೆ ಮಾರಲು, ಕೋರ್ಟಿನ ಕೆಲಸಕ್ಕೆಂದು ಪೇಟೆಗೆ ಬಂದ ಹಳ್ಳಿಯವರು ಊರಿಗೆ ಮರಳುವ ಮುಂಚೆ ಸ್ಟುಡಿಯೋದಲ್ಲಿ ಒಂದು ಗಳಿಗೆ ಕೂರುತ್ತಿದ್ದರು.

ನನ್ನ ಮಾತು ಸೋಲುವುದು ಅಲ್ಲಿಯೇ. ಸ್ಟುಡಿಯೋದೊಳಗೆ ಮುಖದ ಹಿಂದೆ ಇರುತ್ತಿದ್ದುದು ಬಣ್ಣದ ಪರದೆ: ಕಂಬಗಳು, ಹೂದೋಟ, ಎಲ್ಲಿಗೂ ಹತ್ತದ ಮೆಟ್ಟಿಲು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿದವು. 1948ರ ಹಿರೇಭಾಸ್ಕರ ಅಣೆಕಟ್ಟೂ ಅದೇ ನೀರಿನಡಿ ಹೋಯಿತು. ಗಂಟುಮೂಟೆ ಕಟ್ಟಿ ಹೊರಟವರಲ್ಲಿ ಫೋಟೊ ಇದ್ದ ಮನೆಯವರಿಗೂ ಸಿಕ್ಕಿದ್ದು ಅಜ್ಜನ ಮುಖ, ಅದರ ಹಿಂದಿನ ಪರದೆ. ಅಂಗಳ, ಕೊಟ್ಟಿಗೆ, ದಣಪೆ ಯಾವುದೂ ಅದರಲ್ಲಿಲ್ಲ. ಫೋಟೊಗೆ ಕೊಡಲು ಕಾಸೇ ಇಲ್ಲದವರ ಮುಖವೂ ಉಳಿಯಲಿಲ್ಲ. ಉಳಿದದ್ದನ್ನು ಹೊಗಳುವಾಗ ಈ ಕೊರತೆಯನ್ನು ಮರೆಯಬಾರದು.

ಇನ್ನು ನೆಗೆಟಿವ್‌ಗಳ ಸಂಗತಿ. 120 ರೋಲಿನ ಚೌಕ ಚಿತ್ರಗಳು ಒಂದು ರೋಲಿಗೆ 12 ಮಾತ್ರ. ಆದ್ದರಿಂದ ಎಣಿಸಿ ಎಣಿಸಿ ತೆಗೆಯುತ್ತಿದ್ದರು. ಪ್ರಿಂಟು ಗಿರಾಕಿಯ ಮನೆಗೆ ಹೋದರೆ ನೆಗೆಟಿವ್ ನಂಬರು ಹಾಕಿಸಿಕೊಂಡು ಸ್ಟುಡಿಯೋದ ಪೆಟ್ಟಿಗೆ ಸೇರುತ್ತಿತ್ತು. ಪ್ರಿಂಟಿನ ಅಂಚು ಕತ್ತರಿಸುವಾಗ ಹೋದ ಅರ್ಧ ಬೀದಿ ನೆಗೆಟಿವ್‌ನಲ್ಲಿ ಇನ್ನೂ ಇರುತ್ತದೆ. ಆದರೆ ಫಿಲ್ಮಿನ ಮೇಲಿನ ಲೇಪ ಜೆಲಟಿನ್. ನಮ್ಮ ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯಲು ಅದಕ್ಕೆ ಹೆಚ್ಚು ಕಾಲ ಬೇಡ. ಬಣ್ಣದ ಫೋಟೊ ಬಂದ ಮೇಲೆ ಹಳೆಯ ಪೆಟ್ಟಿಗೆಗಳು ಭಾರವಾದವು. ಹಲವು ಕಡೆ ಗಾಜಿನ ನೆಗೆಟಿವ್‌ಗಳನ್ನು ತೊಳೆದು ಬರಿಯ ಗಾಜು ಮಾಡಿದರು, ಫಿಲ್ಮನ್ನು ಅದರಲ್ಲಿನ ಬೆಳ್ಳಿಗಾಗಿ ಮಾರಿದರು. ಸ್ಟುಡಿಯೋ ನಡೆಸಿದವರನ್ನು ನಾನು ದೂರಲಾರೆ. ಇದು ಊರಿನ ಆಸ್ತಿಯೆಂದು ಊರು ಅವರಿಗೆ ಒಮ್ಮೆಯೂ ಹೇಳಲಿಲ್ಲ.

ಈಗಲೂ ಮಾಡಬಹುದಾದ ಕೆಲಸವಿದೆ. ಮುಚ್ಚಿದ ಸ್ಟುಡಿಯೋಗಳ ವಾರಸುದಾರರನ್ನು ಕಾಣಬೇಕು. ನೆಗೆಟಿವ್ ಜೊತೆಗೆ ನಂಬರು ಬರೆದ ರಿಜಿಸ್ಟರನ್ನೂ ಕೇಳಬೇಕು, ಅದಿಲ್ಲದೆ ಮುಖಗಳಿಗೆ ಹೆಸರಿಲ್ಲ. ಮನೆಗಳಿಂದ ಎರವಲು ತಂದ ಫೋಟೊಗಳನ್ನು ಸ್ಕ್ಯಾನ್ ಮಾಡಿ ಹಿಂತಿರುಗಿಸಬೇಕು. ಮೂಲವನ್ನು ಲ್ಯಾಮಿನೇಟ್ ಮಾಡಿಸಬೇಡಿ, ಅಂಟಿನ ಆಲ್ಬಮ್ಮಿಗೆ ಹಚ್ಚಬೇಡಿ, ಕಾಗದದ ಲಕೋಟೆಯಲ್ಲಿ ಒಣ ಜಾಗದಲ್ಲಿಡಿ. ಎಂಬತ್ತು ದಾಟಿದ ಹಿರಿಯರ ಪಕ್ಕದಲ್ಲಿ ಕೂತು, ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರನ್ನೂ ಕೇಳಿ, ಮೆತ್ತನೆಯ ಪೆನ್ಸಿಲಿನಲ್ಲಿ ಹಿಂಬದಿ ಬರೆಯಿರಿ. ‘ಇಂಥವರ ಹೆಂಡತಿ’ ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡದೆ ಆಕೆಯ ಹೆಸರನ್ನೂ ತವರೂರನ್ನೂ ಕೇಳಿ ಬರೆದುಕೊಳ್ಳಿ.